ತಾನಾಗಿ ತಿರುಗಿದ ಗಾಲಿ

ಎರಡು ಸಾವಿರದ ಇಸವಿ ಡಿಸೆಂಬರಿನ ಒಂದು ಭಾನುವಾರ, ಚೆನ್ನೈ ಆಚೆಯ ರೇಸ್ ಟ್ರ್ಯಾಕಿನಲ್ಲಿ, ಗಂಗಲಕ್ಷ್ಮಿ ಓಡಿಸುತ್ತಿದ್ದ ಕಾರು ದೊಡ್ಡ ಬಲತಿರುವಿನ ನಡುವೆ ಅವಳು ಕೇಳಿದ್ದಕ್ಕಿಂತ ಹೆಚ್ಚು ತಿರುಗಿತು. ಹೆಚ್ಚೆಂದರೆ ಎಷ್ಟು, ಒಂದು ಬೆರಳಗಲ. ಅಷ್ಟು ಸಾಕಾಯಿತು. ಹಿಂಭಾಗ ಬೀಸಿಕೊಂಡು ಮುಂದಕ್ಕೆ ಬಂತು, ಆಕಾಶ ಎರಡು ಸಲ ಸುತ್ತಿತು, ಹುಲ್ಲಿನ ಮೇಲೆ ಜಾರಿದ ಕಾರು ಹಳೇ ಟೈರುಗಳ ಗೋಡೆಗೆ ಎಡಮಗ್ಗುಲಾಗಿ ಬಡಿದು ನಿಂತಿತು. ಧೂಳು ಇಳಿದ ಮೇಲೆ ಎಲ್ಲೋ ಒಂದು ಹಕ್ಕಿ ಕೂಗುತ್ತಿದ್ದುದು ಅವಳಿಗೆ ಕೇಳಿಸಿತು. ಎಡ ಹೆಗಲಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತಿದ್ದ ಚಿಕ್ಕಪ್ಪ ಚಿಕ್ಕರಂಗಯ್ಯ ಕೇಳಿದ್ದು ಒಂದೇ ಮಾತು.

"ಏನಾಯ್ತವ್ವ?"

"ಗೊತ್ತಿಲ್ಲ ಚಿಕ್ಕಪ್ಪ. ನಾನು ಎಲ್ಲೋ ಇದ್ದೆ. ನನ್ನ ಕೈಯೇ ಎಳೀತು ಅನ್ಸುತ್ತೆ."

ಎಲ್ಲೋ ಇದ್ದೆ ಅನ್ನುವುದರ ಅರ್ಥ ಅವನಿಗೆ ಗೊತ್ತಿತ್ತು. ಗಂಗಲಕ್ಷ್ಮಿಗೆ ಚಿಕ್ಕಂದಿನಿಂದಲೂ ಒಂದು ಮಂಪರು ಇತ್ತು. ಅಪ್ಪ ಬದುಕಿದ್ದಾಗ ಅವನ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಹಾಲ್ಕುರಿಕೆಯಿಂದ ತಿಪಟೂರಿಗೆ ಹೋಗುವಾಗ, ರಸ್ತೆಯ ಎರಡೂ ಬದಿಯ ತೆಂಗಿನ ಮರಗಳ ನೆರಳು ಅವಳ ಮುಖದ ಮೇಲೆ ಬಿಸಿಲು-ನೆರಳು, ಬಿಸಿಲು-ನೆರಳು ಎಂದು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಓಡುವುದು ಲಾರಿಯಲ್ಲ, ತೋಟಗಳೇ ಎಂದಾಗುತ್ತಿತ್ತು. ತಾನು ನೀರಿನ ಮೇಲೆ ಮಲಗಿದ ಎಲೆಯಂತೆ ಇದ್ದಲ್ಲೇ ಇರುತ್ತಿದ್ದಳು. ಅಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅವಳಿಗೆ ಸ್ಟಿಯರಿಂಗ್ ಹಿಡಿಸಿದವನು ಚಿಕ್ಕಪ್ಪ. ಇಪ್ಪತ್ತಾರಕ್ಕೆ ಬರುವ ಹೊತ್ತಿಗೆ ಅವಳು ತಿಪಟೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ವೇಗ ಹೆಚ್ಚಾದಷ್ಟೂ ಆ ಮಂಪರು ತಿಳಿಯಾಗಿ ಬರುತ್ತಿತ್ತು. ಕೈಗೆ ಕಣ್ಣು ಬಂದಂತೆ, ತಿರುವು ತಾನೇ ಬಂದು ಮಡಿಲಲ್ಲಿ ಕೂತಂತೆ.

ಈಗ ಅದೇ ಮಂಪರು ತನ್ನನ್ನು ಗೋಡೆಗೆ ಹೊಡೆಯಿತು ಎಂದು ಅವಳು ತೀರ್ಮಾನಿಸಿಕೊಂಡಳು. ಊರಿಗೆ ಬಂದವಳು ಹೆಲ್ಮೆಟ್ಟನ್ನು ಅಟ್ಟದ ಮೇಲೆ, ಒಣಗಲು ಹಾಕಿದ್ದ ತೆಂಗಿನಕಾಯಿಗಳ ನಡುವೆ ಇಟ್ಟುಬಿಟ್ಟಳು.

ಕಾರು ಅವಳದ್ದಲ್ಲ, ರೇಣುಕಪ್ರಸಾದ್ ಅವರದ್ದು. ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರರು; ನಲವತ್ತು ದಾಟಿದ, ದಪ್ಪ ದೇಹದ, ನಗುಮುಖದ ಮನುಷ್ಯ. ಕಾರುಗಳ ಹುಚ್ಚಿನಲ್ಲಿ ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ ಅದನ್ನು ಕಟ್ಟಿಸಿದ್ದರು. ಛಾವಣಿಯಿಲ್ಲ, ಬಾಗಿಲಿಲ್ಲ, ಎರಡೇ ಸೀಟು. ಕೊಳವೆ ಕಬ್ಬಿಣದ ಚೌಕಟ್ಟು, ಬೆನ್ನ ಹಿಂದೆ ಎಂಜಿನ್. ಟ್ರ್ಯಾಕಿನಲ್ಲಿ ಓಡಿಸಲೆಂದೇ ಹುಟ್ಟಿದ್ದು. ಎರಡು ಸಲ ಓಡಿಸಿ ಗೋಡೌನಿಗೆ ತಳ್ಳಿದ್ದರು. ಅವರ ಹೆಂಡತಿಗೆ ಡ್ರೈವಿಂಗ್ ಕಲಿಸಲು ಹೋಗಿದ್ದ ಗಂಗಲಕ್ಷ್ಮಿ ಟಾರ್ಪಾಲಿನ ಕೆಳಗೆ ಇಣುಕಿ ನೋಡಿ, ಬಿಟ್ಟು ಬರಲಾಗದೆ ಅಲ್ಲೇ ನಿಂತಿದ್ದನ್ನು ಕಂಡು ಅವರು ಹೇಳಿದ್ದರು: "ನಾನ್ ಓಡ್ಸಿದ್ರೆ ನಂಗೂ ಹೆದ್ರಿಕೆ, ಅದಕ್ಕೂ ಹೆದ್ರಿಕೆ ಕಣಮ್ಮ. ನೀನು ಓಡ್ಸು. ನಾನು ಪಕ್ಕದಲ್ಲಿ ನಿಂತ್ಕಂಡು ಚಪ್ಪಾಳೆ ಹೊಡೀತೀನಿ."

ಎರಡು ವರ್ಷ ಹಾಗೇ ನಡೆದಿತ್ತು. ಕಾರಿನ ಮೈ ನೋಡಿಕೊಳ್ಳುತ್ತಿದ್ದವನು ಚಿಕ್ಕರಂಗಯ್ಯ. ಕಿಬ್ಬನಹಳ್ಳಿ ಕೂಡುರಸ್ತೆಯಲ್ಲಿ ಅವನದು ಲಾರಿಗಳ ಕಮಾನು ಪಟ್ಟಿ ಮಾಡುವ ಅಂಗಡಿ. ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಸುತ್ತಿಗೆಯಿಂದ ತಟ್ಟಿ ಅದರ ನಾದ ಕೇಳಿಯೇ ಎಷ್ಟು ಟನ್ ಹೊರುತ್ತದೆಂದು ಹೇಳುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಕಟ್ಟಿದ ಪಟ್ಟಿ ಮುರಿದು ಲಾರಿ ದಾರಿಯಲ್ಲಿ ನಿಂತಿತು ಎಂಬ ಮಾತು ಬಂದಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಅವನು ರೇಣುಕಪ್ರಸಾದರ ಗೋಡೌನಿಗೆ ಹೋದ. ಬುಧವಾರ ಶನಿವಾರ ಹರಾಜಿನ ದಿನ ಕಾಲಿಡಲು ಜಾಗವಿರದ ಮಂಡಿ ಭಾನುವಾರ ಮಾತ್ರ ನಿದ್ದೆ ಹೋಗುತ್ತದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲುಗಳಲ್ಲಿ ನಾರಿನ ಧೂಳು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಕೊಬ್ಬರಿಯ ಸಿಹಿ ಎಣ್ಣೆವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಅದರೊಳಗೆ ಈಜಬಹುದು ಎನಿಸುತ್ತಿತ್ತು. ಯಾರೂ ಹೇಳದಿದ್ದರೂ ಕಾರನ್ನು ರಿಪೇರಿ ಮಾಡಿಡಬೇಕು ಎಂದು ಅವನು ಬಂದಿದ್ದ. ಎಡ ಮುಂದುಗಡೆ, ಗಾಲಿಯನ್ನು ಚೌಕಟ್ಟಿಗೆ ಹಿಡಿದಿಡುವ ಕೆಳತೋಳು ಸೊಟ್ಟಗಾಗಿತ್ತು. ಹೊಸದನ್ನು ಮಾಡಲು ಅಳತೆ ಬೇಕು. ಅಳತೆಗೆ ಪೆಟ್ಟು ತಿನ್ನದ ಬಲಗಡೆಯದನ್ನು ನೋಡಬೇಕು. ಅದರ ಸ್ಪ್ರಿಂಗ್ ಬಿಚ್ಚಿಟ್ಟು, ತೋಳಿನ ಕೆಳಗೆ ಜಾಕಿ ಕೊಟ್ಟು, ಗಾಲಿಯ ಮೇಲೆ ಅಂಗೈ ಇಟ್ಟುಕೊಂಡು ನಿಧಾನಕ್ಕೆ ಎತ್ತಿದ.

ಗಾಲಿ ಮೇಲೇರುತ್ತಾ, ಅವನ ಅಂಗೈಯ ಕೆಳಗೆ, ಯಾರೋ ಕರೆದರೆಂದು ತಲೆ ತಿರುಗಿಸಿದ ಹಾಗೆ ತಾನಾಗಿ ಒಳಕ್ಕೆ ತಿರುಗಿತು.

ಇಳಿಸಿದ. ನೇರವಾಯಿತು. ಎತ್ತಿದ. ತಿರುಗಿತು. ಸ್ಟಿಯರಿಂಗನ್ನು ಯಾರೂ ಮುಟ್ಟಿರಲಿಲ್ಲ.

ಅವನು ಜಾಕಿಯ ಹಿಡಿ ಬಿಟ್ಟು ನೆಲದ ಮೇಲೆ ಕೂತ. ಆ ರೇಸಿಗೆ ಮೊದಲು, ನವೆಂಬರಿನಲ್ಲಿ ತಾನು ಮಾಡಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಕಾರು ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಗಟ್ಟಿ ಎಂದು ಒಂದೂವರೆ ಅಂಗುಲ ತಗ್ಗಿಸಿದ್ದ. ತಗ್ಗಿಸಿದಾಗ ಕೆಳತೋಳುಗಳು ಓರೆಯಾದವು. ಅವು ನೆಲಕ್ಕೆ ಸಮ ಇರಬೇಕು ಎಂದು, ತೋಳಿನ ತುದಿಯ ಗೂಟಕ್ಕೆ ತಾನೇ ಲೇತಿನಲ್ಲಿ ಕಡೆದ ಉಕ್ಕಿನ ಬಿಲ್ಲೆ ಕೊಟ್ಟು ಸರಿಮಾಡಿದ್ದ. ಆ ಬಿಲ್ಲೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಆದರೆ ಅದೇ ಗಾಲಿಗೆ ಇನ್ನೊಂದು ಸಣ್ಣ ಕಡ್ಡಿಯೂ ಬಂದು ಸೇರುತ್ತದೆ, ಸ್ಟಿಯರಿಂಗಿನ ರಾಡು. ಅದನ್ನು ಹಾಗೇ ಬಿಟ್ಟಿದ್ದ. ತೋಳು ಸಮ, ರಾಡು ಓರೆ. ಒಂದೇ ತೊಟ್ಟಿಲಿಗೆ ಎರಡು ಹಗ್ಗವನ್ನು ಬೇರೆ ಬೇರೆ ಓರೆಯಲ್ಲಿ ಕಟ್ಟಿದರೆ ತೂಗಿದಾಗಲೆಲ್ಲ ತೊಟ್ಟಿಲು ಸೊಟ್ಟಗೆ ತಿರುಗುತ್ತದಲ್ಲ, ಹಾಗೆ. ನುಣುಪು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಕಾರು ಪೂರ್ತಿ ವೇಗದಲ್ಲಿ ಒಂದು ಮಗ್ಗುಲಿಗೆ ವಾಲಿ, ಭಾರ ಹೊತ್ತ ಗಾಲಿ ಟಾರಿನ ಒಂದು ಸಣ್ಣ ಉಬ್ಬಿನ ಮೇಲೆ ಹಾರಿದರೆ ಆಗ ಗಾಲಿ ತನ್ನಷ್ಟಕ್ಕೆ ತಾನು ತಿರುಗುತ್ತದೆ.

ಬೆರಳಗಲ.

ಆ ದಿನ ಅವನು ಹಾಲ್ಕುರಿಕೆಗೆ ಹೋಗಿ ಅತ್ತಿಗೆ, ಗಂಗಲಕ್ಷ್ಮಿಯ ತಾಯಿ ಪುಟ್ಟಗಂಗಮ್ಮನ ಮುಂದೆ ನಿಂತ. ಆಕೆ ತೋಟದ ಅಂಚಿನಲ್ಲಿ ಬಿದ್ದ ಗರಿಗಳನ್ನು ಒಟ್ಟುತ್ತಿದ್ದಳು.

"ಅತ್ಗೆ, ಅವತ್ತು ಅದು ಮಗೀದು ತಪ್ಪಲ್ಲ. ನಾನ್ ಮಾಡಿದ್ ಕೆಲ್ಸದ ತಪ್ಪು."

ಅವನು ವಿವರಿಸಿದ್ದನ್ನು ಆಕೆ ಪೂರ್ತಿ ಕೇಳಿದಳು. ಬಿಲ್ಲೆ, ರಾಡು ಯಾವುದೂ ಆಕೆಗೆ ತಿಳಿಯಲಿಲ್ಲ, ತಿಳಿಯಬೇಕಾದ್ದು ತಿಳಿಯಿತು.

"ಅವಳಿಗೆ ಯೋಳಿದ್ದೀಯಾ?"

"ಇನ್ನೂ ಇಲ್ಲ."

"ಯೋಳ್ಬೇಡ." ಗರಿಯ ಹೊರೆಯನ್ನು ಕೆಳಗಿಟ್ಟು ಆಕೆ ಸೆರಗಿನಿಂದ ಕೊರಳು ಒರೆಸಿಕೊಂಡಳು. "ತನ್ದೇ ತಪ್ಪು ಅಂತ ತಿಳ್ಕಂಡು ಬುಟ್ಟವ್ಳೆ. ಬುಟ್ಟಂಗೇ ಇರ್ಲಿ ರಂಗಯ್ಯ. ನಂಗಿರೋಳು ಒಬ್ಳು."

ಅವನಿಗೆ ಆ ಮಾತಿನಲ್ಲಿ ಒಂದು ನೆರಳು ಸಿಕ್ಕಿದಂತಾಯಿತು. ಅತ್ತಿಗೆ ಕೇಳಿಕೊಂಡಿದ್ದಾಳೆ ಎಂದು ಸುಮ್ಮನಿರಬಹುದು. ತನ್ನ ಮೂವತ್ತು ವರ್ಷದ ಹೆಸರೂ ಉಳಿಯುತ್ತದೆ. ಎರಡರಲ್ಲಿ ಯಾವುದಕ್ಕಾಗಿ ಸುಮ್ಮನಿದ್ದೇನೆಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಐದು ವಾರ ಸುಮ್ಮನಿದ್ದ. ಆ ವಾರಗಳಲ್ಲಿ ಲಾರಿ ಪಟ್ಟಿಗಳನ್ನು ತಟ್ಟಿದರೆ ನಾದ ದೂರದಿಂದ, ನೀರಿನಾಚೆಯಿಂದ ಬಂದಂತೆ ಕೇಳುತ್ತಿತ್ತು.

ಯುಗಾದಿ ಆದ ಮೇಲೆ ಒಂದು ಬೆಳಿಗ್ಗೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ನಿಂತಿದ್ದಾಗ ಡ್ರೈವಿಂಗ್ ಸ್ಕೂಲಿನ ಕಾರು ಬಂದು ನಿಂತಿತು. ಕಲಿಯುವ ಹುಡುಗಿಯೊಬ್ಬಳು ಸ್ಟಿಯರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಗಂಗಲಕ್ಷ್ಮಿ. "ಹತ್ತು ಚಿಕ್ಕಪ್ಪ, ಕಿಬ್ಬನಹಳ್ಳಿ ತಂಕ ಹೋಗಿ ಬತ್ತೀವಿ," ಎಂದಳು. ಅವನು ಹಿಂದೆ ಕೂತ. ಊರು ದಾಟಿದ ಮೇಲೆ ರಸ್ತೆಯ ಮೇಲೆ ತೆಂಗಿನ ನೆರಳು ಹಾಸಿತ್ತು. ಬಿಸಿಲು-ನೆರಳು, ಬಿಸಿಲು-ನೆರಳು. ಅವನ ಕಣ್ಣೇ ಎಳೆಯತೊಡಗಿತು. ಆಗ ಮುಂದಿನ ಸೀಟಿನಿಂದ ಚಟ್ ಎಂಬ ಸದ್ದು ಬಂತು. ಮತ್ತೆ ಸ್ವಲ್ಪ ದೂರಕ್ಕೆ ಚಟ್.

ಗಂಗಲಕ್ಷ್ಮಿಯ ಎಡ ಮಣಿಕಟ್ಟಿನಲ್ಲಿ ಒಂದು ರಬ್ಬರ್ ಬ್ಯಾಂಡ್ ಇತ್ತು. ಅದನ್ನು ಎಳೆದು ಬಿಡುತ್ತಿದ್ದಳು. ಬಿಟ್ಟಲ್ಲೆಲ್ಲ ಚರ್ಮ ಕೆಂಪು ಗೆರೆಗಟ್ಟಿತ್ತು. ಕೆಲವು ಗೆರೆ ಹಳೆಯವು, ಕಂದುಗಟ್ಟಿದ್ದವು.

"ಅದೇನವ್ವ ಅದು?"

"ಏನಿಲ್ಲ ಚಿಕ್ಕಪ್ಪ. ಮನ್ಸು ಎಲ್ಲೋ ಹೋಗುತ್ತಲ್ಲ. ಕರ್ಕಂಬರಕ್ಕೆ."

ಅವಳು ನಗುತ್ತಲೇ ಹೇಳಿದಳು. ಚಿಕ್ಕರಂಗಯ್ಯ ಕಿಬ್ಬನಹಳ್ಳಿಯವರೆಗೆ ಆ ಮಣಿಕಟ್ಟನ್ನೇ ನೋಡುತ್ತಿದ್ದ. ಇಳಿಯುವಾಗ, "ಈ ಭಾನುವಾರ ಸಾವ್ಕಾರ್ರ ಗೋಡೌನಿಗೆ ಬಾ. ಒಂದು ತೋರಿಸ್ಬೇಕು," ಎಂದ.

ಅವಳು ಬಂದಳು. ಬಲಗಡೆಯ ಗಾಲಿಯ ಟೈರು ಬಿಚ್ಚಿ, ಅದು ಕೂರುವ ನಡುವಿನ ಗುಂಬಕ್ಕೆ ಒಂದು ಹಲಗೆ ಬಿಗಿದು, ಹಲಗೆಯ ಮೇಲೆ ಅವನು ಒಂದು ಲೇಸರ್ ಟಾರ್ಚು ಕಟ್ಟಿದ್ದ. ಆ ವರ್ಷ ಬೀದಿ ಅಂಗಡಿಗಳಲ್ಲೆಲ್ಲ ಮಾರುತ್ತಿದ್ದ ಆಟಿಕೆ, ಬೀಗದ ಕೈಗೊಂಚಲಿಗೆ ಹಾಕುವಂಥದ್ದು. ಅದರ ಕೆಂಪು ಚುಕ್ಕಿ ಎದುರಿನ ಸುಣ್ಣದ ಗೋಡೆಯ ಮೇಲೆ, ಇಪ್ಪತ್ತಡಿ ದೂರದಲ್ಲಿ ಬಿದ್ದು ನಡುಗುತ್ತಿತ್ತು. ಗೋಡೆಯ ಮೇಲೆ ತೂಗುಗುಂಡು ಇಳಿಬಿಟ್ಟು ಒಂದು ನೇರ ಗೆರೆ ಎಳೆದಿತ್ತು. ಚುಕ್ಕಿ ಆ ಗೆರೆಯ ಮೇಲೆಯೇ ಇತ್ತು.

"ಜಾಕಿ ನೀನೇ ಎತ್ತು," ಎಂದ ಚಿಕ್ಕರಂಗಯ್ಯ.

ಅವಳು ಎತ್ತಿದಳು. ಚುಕ್ಕಿ ಗೋಡೆಯನ್ನು ಏರಿತು. ಏರುತ್ತಾ ಗೆರೆಯನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಮೊದಲು ಕೂದಲೆಳೆ, ಆಮೇಲೆ ಗೇಣು. ಮಗ್ಗುಲಿಗೆ ಬಾಗಿದ ತೆಂಗಿನ ಮರದಂಥ ಒಂದು ಕೆಂಪು ದಾರಿ. ಅವಳು ಇಳಿಸಿದಳು. ಮತ್ತೆ ಎತ್ತಿದಳು. ಹೀಗೆ ಎಷ್ಟು ಸಲ ಮಾಡಿದಳೋ. ಸ್ಟಿಯರಿಂಗ್ ಚಕ್ರದ ಕಡೆ ತಿರುಗಿ ನೋಡಿದಳು. ಅದನ್ನು ಅಲುಗದಂತೆ ಹಗ್ಗದಿಂದ ಕಟ್ಟಿತ್ತು.

"ಅವತ್ತೂ ಹಿಂಗೇ ಇತ್ತಾ?"

"ಇತ್ತು. ಈ ಗಾಲಿಗೆ ಪೆಟ್ಟೇ ಬಿದ್ದಿಲ್ಲ. ನವೆಂಬರ್ನಾಗೆ ನಾನು ಕಟ್ಟಿದಂಗೇ ಐತೆ."

"ಅಂದ್ರೆ ನನ್ ಕೈಯಲ್ಲ."

"ನಿನ್ ಕೈಯಲ್ಲ ಕಣವ್ವ. ನಂದು."

ಅವಳು ಜಾಕಿಯನ್ನು ಪೂರ್ತಿ ಇಳಿಸಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಶಿವರಾತ್ರಿ ಆದ್ಮೇಲೆ."

"ಯುಗಾದಿ ಆಗಿ ಹತ್ತು ದಿನ ಆಯ್ತು ಚಿಕ್ಕಪ್ಪ."

ಅಷ್ಟು ಹೇಳಿ ಅವಳು ಎದ್ದು ಹೊರಟುಹೋದಳು. ಚಪ್ಪಲಿ ಸದ್ದು ಮಂಡಿಯ ಖಾಲಿ ಅಂಗಳದಲ್ಲಿ ದೂರವಾಗುತ್ತಾ ಹೋಯಿತು. ಚಿಕ್ಕರಂಗಯ್ಯ ಲೇಸರ್ ಆರಿಸಲೂ ಮರೆತು, ಅದರ ಸೆಲ್ ಮುಗಿದು ಚುಕ್ಕಿ ಮಂಕಾಗುವವರೆಗೆ ಅಲ್ಲೇ ಕೂತಿದ್ದ.

ಒಂಬತ್ತು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಅಂಗಡಿಯ ಮುಂದೆ ಕಾರು ಹಾದುಹೋದರೂ ತಿರುಗಿ ನೋಡಲಿಲ್ಲ. ಸಿಟ್ಟು ಬಿಲ್ಲೆಯ ಮೇಲಲ್ಲ. ಕಬ್ಬಿಣದ ಕೆಲಸದಲ್ಲಿ ತಪ್ಪಾಗುತ್ತದೆ, ಅದು ಅವಳಿಗೂ ಗೊತ್ತು. ಆ ಐದು ವಾರ ಪ್ರತಿ ಬೆಳಿಗ್ಗೆ ತಾನು ತನ್ನನ್ನೇ ಚಟ್ ಎಂದು ಹೊಡೆದುಕೊಂಡದ್ದನ್ನು ಅವಳು ಲೆಕ್ಕ ಹಾಕದಿರಲು ಆಗಲಿಲ್ಲ.

ಹತ್ತನೆಯ ದಿನ ಪುಟ್ಟಗಂಗಮ್ಮ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎನ್ನುವುದನ್ನು ಒಂದು ಕಡೆ, ಇನ್ನೂ ಮೂಕವಾಗಿರುವುದನ್ನು ಇನ್ನೊಂದು ಕಡೆ ಹಾಕುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ತಾಯಿ ಕಾಯಿಯನ್ನು ಕಿವಿಯಿಂದ ತೆಗೆಯದೆ ಹೇಳಿದಳು:

"ಅವನ ಮ್ಯಾಲೆ ಮುನಿಸ್ಕಬ್ಯಾಡ. ಯೋಳ್ಬೇಡ ಅಂದೋಳು ನಾನು."

ಗಂಗಲಕ್ಷ್ಮಿಯ ಕೈ ನಿಂತಿತು.

"ಅವನು ತಿಳಿದ್ ದಿನಾನೇ ಬಂದು ನನ್ ಮುಂದೆ ನಿಂತ್ಕಂಡ. ನಾನೇ ಬಾಯಿ ಕಟ್ಟಿದೆ. ನೀನು ಮನೇಲಿದ್ರೆ ಸಾಕಾಗಿತ್ತು ನಂಗೆ. ಇದ್ದೆ. ಆದ್ರೆ ಇದ್ದಂಗಿರ್ಲಿಲ್ಲ ಕಣೇ."

ಮಗಳು ತಾಯಿಯ ಮಡಿಲಲ್ಲಿದ್ದ ಕಾಯಿಯನ್ನು ತೆಗೆದುಕೊಂಡು ತನ್ನ ಕಿವಿಯ ಬಳಿ ಅಲ್ಲಾಡಿಸಿದಳು. ಅದನ್ನು ಪಕ್ಕಕ್ಕಿಟ್ಟು, "ಈಗ ಹೋಗ್ಲಾ ಅಮ್ಮ?" ಎಂದು ಕೇಳಿದಳು. ಎಲ್ಲಿಗೆ ಎಂದು ತಾಯಿ ಕೇಳಲಿಲ್ಲ.

"ಬ್ಯಾಡ ಅಂದ್ರೆ ಬುಡ್ತೀಯಾ? ಹೋಗು. ಹೆದ್ರಿಕೆ ಅಂತೂ ನಂಗೆ ಹೋಗಲ್ಲ. ಅದು ನನ್ ಪಾಡು."

ಅವಳು ಕಿಬ್ಬನಹಳ್ಳಿಗೆ ಹೋದಾಗ ಚಿಕ್ಕರಂಗಯ್ಯ ಒಂದು ಲಾರಿಯ ಕೆಳಗೆ ಮಲಗಿದ್ದ. ಹೊರಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ಅವಳು ಆ ಪಾದಗಳಿಗೇ ಹೇಳಿದಳು, "ಎದ್ದು ಬಾ. ರಾಡಿನ ತುದೀನ ಎಷ್ಟು ಇಳಿಸ್ಬೇಕು ಅಂತ ನೋಡಾನ."

ಆಮೇಲಿನ ಭಾನುವಾರಗಳೆಲ್ಲ ಒಂದೇ ಉದ್ದನೆಯ ಮಧ್ಯಾಹ್ನದಂತೆ ಅವಳ ನೆನಪಿನಲ್ಲಿ ಉಳಿದವು. ಚಿಕ್ಕರಂಗಯ್ಯ ಎಡಗಡೆಗೆ ಹೊಸ ತೋಳು ಬೆಸೆದ. ಸ್ಟಿಯರಿಂಗ್ ರಾಡಿನ ಹೊರತುದಿಗೆ ಉದ್ದನೆಯ ಬೋಲ್ಟು ಕೊಟ್ಟು, ಅದು ಗಾಲಿಯನ್ನು ಹಿಡಿಯುವ ಜಾಗವನ್ನು ಕೆಳಕ್ಕೆ ತಂದ. ಎಷ್ಟು ಕೆಳಕ್ಕೆ ಎನ್ನುವುದನ್ನು ಗೋಡೆಯೇ ಹೇಳಬೇಕಿತ್ತು. ಒಂದು ತೆಳು ವಾಷರ್ ಸೇರಿಸುವುದು, ಜಾಕಿ ಎತ್ತುವುದು, ಚುಕ್ಕಿ ಹೋದ ದಾರಿಯನ್ನು ಪೆನ್ಸಿಲಿನಿಂದ ಗುರುತಿಸುವುದು, ಮತ್ತೊಂದು ವಾಷರ್ ಸೇರಿಸುವುದು. ಸುಣ್ಣದ ಗೋಡೆಯ ಮೇಲೆ ಒಂದರ ಪಕ್ಕ ಒಂದು ಗೆರೆ ಬಿದ್ದವು, ಒಂದಕ್ಕಿಂತ ಒಂದು ಕಡಿಮೆ ಬಾಗಿದವು. ಗಾಳಿ ನಿಂತಾಗ ತೆಂಗಿನ ತೋಟ ಒಂದೊಂದೇ ಮರವಾಗಿ ನೆಟ್ಟಗಾದಂತೆ. ಹನ್ನೊಂದನೆಯ ವಾಷರಿಗೆ ಚುಕ್ಕಿ ತೂಗುಗುಂಡಿನ ಗೆರೆಯನ್ನು ಹಿಡಿದು, ಎಲ್ಲೂ ಬಿಡದೆ, ಮೇಲಿನಿಂದ ಕೆಳಕ್ಕೆ ಕೆಳಗಿನಿಂದ ಮೇಲಕ್ಕೆ ಹೋಗಿ ಬಂತು. ಚಿಕ್ಕರಂಗಯ್ಯ ಹನ್ನೆರಡನೆಯದನ್ನೂ ಹಾಕಿ ನೋಡಿದ. ಗೆರೆ ಆಚೆ ಕಡೆಗೆ ಬಾಗಿತು. ತೆಗೆದ.

ಆಮೇಲೆ ಕಾರಿನ ಎರಡೂ ಬದಿಗೆ ತೆಂಗಿನ ನಾರಿನ ಹುರಿಯನ್ನು ಬಿಗಿದು ಕಟ್ಟಿ, ನಾಲ್ಕೂ ಗಾಲಿಗಳ ಮುಖ ನೇರವಾಗಿದೆಯೇ ಎಂದು ಹುರಿಯಿಂದ ಅಳೆದರು. ಮುಂದಿನ ಗಾಲಿಗಳ ತಲೆಯನ್ನು ಒಳಕ್ಕೆ ಒಂದಿಷ್ಟು ವಾಲಿಸಿದರು. "ತಿರುವಿನಾಗೆ ಕಾರು ಹೊರಗಡೆ ವಾಲ್ತದೆ. ಆಗ ಗಾಲಿ ನೆಟ್ಟಗಾಗಿ ಪೂರ್ತಿ ಪಾದ ಊರ್ಬೇಕು," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಈ ಸಲ ಒಂದನ್ನು ಮುಟ್ಟಿದಾಗಲೆಲ್ಲ ಉಳಿದ ಎಲ್ಲವನ್ನೂ ಮತ್ತೆ ಅಳೆದ.

ಕೊನೆಗೆ ತೂಕ. ರೇಣುಕಪ್ರಸಾದರು ಕೊಬ್ಬರಿ ಮೂಟೆ ತೂಗುವ ನಾಲ್ಕು ಕಬ್ಬಿಣದ ತಕ್ಕಡಿಗಳನ್ನು ಎಳೆಸಿಕೊಟ್ಟರು. ಒಂದೊಂದು ಗಾಲಿಯ ಕೆಳಗೆ ಒಂದೊಂದು. ನಾಲ್ಕು ಗಾಲಿಗೂ ಭಾರ ಎದುರುಬದುರು ಹೊಂದಬೇಕು. ಇಲ್ಲದಿದ್ದರೆ ಕಾರು ಒಂದು ಕಾಲು ಗಿಡ್ಡವಾದ ಮಂಚದಂತೆ ಎಡಕ್ಕೊಂದು ಥರ ಬಲಕ್ಕೊಂದು ಥರ ತಿರುಗುತ್ತದೆ.

"ಓಡಿಸೋರ ತೂಕಾನೂ ಸೇರ್ಬೇಕು. ನೀನು ಒಳಗೆ ಕೂತ್ಕ," ಎಂದ ಚಿಕ್ಕರಂಗಯ್ಯ. "ಅಲ್ಲಾಡ್ಬೇಡ."

"ನಾನ್ ಕೂತ್ರೆ ತಕ್ಕಡೀನೇ ಬೇಡ ಅಂತಿತ್ತು," ಎಂದು ರೇಣುಕಪ್ರಸಾದರು ನಕ್ಕು, ಮೂಟೆಯೊಂದಕ್ಕೆ ಒರಗಿ ಚೀಟಿಯಲ್ಲಿ ಅಂಕಿ ಬರೆಯುತ್ತ ಕೂತರು.

ಅವಳು ಡಿಸೆಂಬರಿನಿಂದ ಆ ಸೀಟಿನಲ್ಲಿ ಕೂತಿರಲಿಲ್ಲ. ಬೆನ್ನಿಗೆ ಅದರ ಗುಳಿ ಹಾಗೇ ಹೊಂದಿತು. ಕೈಗಳನ್ನು ಚಕ್ರದ ಮೇಲಿಟ್ಟು ನೆಟ್ಟಗೆ ಕೂತಳು. ಚಿಕ್ಕರಂಗಯ್ಯ ಸ್ಪ್ರಿಂಗುಗಳನ್ನು ಬಿಗಿಮಾಡುವ ತಿರುಪು ಕಾಲರನ್ನು ಕಾಲು ಸುತ್ತು ತಿರುಗಿಸುವುದು, ತಕ್ಕಡಿಯ ದಂಡದ ಮೇಲಿನ ತೂಕದ ಬೊಟ್ಟು ಸರಿಸುವುದು, ಅಂಕಿ ಕೂಗುವುದು. "ನೂರ ಮೂವತ್ತೆಂಟು." ಮತ್ತೆ ಎಲ್ಲೋ ಹಿಂದುಗಡೆಯಿಂದ, "ನೂರೈವತ್ತೊಂಬತ್ತು." ಪ್ರತಿ ಸುತ್ತಿಗೂ ಕಾರು ಅವಳ ಕೆಳಗೆ ಕೂದಲೆಳೆಯಷ್ಟು ಏರುತ್ತಿತ್ತು, ಇಳಿಯುತ್ತಿತ್ತು, ದಡಕ್ಕೆ ಕಟ್ಟಿದ ದೋಣಿಯ ಹಾಗೆ. ಹೆಂಚಿನಿಂದ ಇಳಿದ ಬಿಸಿಲುಕೋಲು ಅವಳ ಮೊಣಕಾಲಿನಿಂದ ಕೈಗೆ, ಕೈಯಿಂದ ಕೆನ್ನೆಗೆ ಬಂತು. ಕೊಬ್ಬರಿ ವಾಸನೆ. ಅಂಕಿಗಳು ಅಂಕಿಗಳಾಗಿ ಉಳಿಯದೆ ಯಾರೋ ದೂರದ ತೋಟದಲ್ಲಿ ಕಾಯಿ ಎಣಿಸುತ್ತಿರುವ ದನಿಯಾದವು. ಗೋಡೆ ಸರಿಯಿತು. ಗೋಡೌನೇ ಮೆಲ್ಲಗೆ ಹಿಂದಕ್ಕೆ ಚಲಿಸಿತು. ಅವಳು ಇದ್ದಲ್ಲೇ ಇದ್ದಳು.

ಬಲಗೈ ಅಭ್ಯಾಸಬಲದಿಂದ ಎಡ ಮಣಿಕಟ್ಟನ್ನು ಹುಡುಕಿ ಹೋಯಿತು. ಹೋಗಿ, ಅರ್ಧದಲ್ಲಿ ನಿಂತು, ತಿರುಗಿ ಚಕ್ರದ ಮೇಲೆ ಬಂದು ಕೂತಿತು.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಚಿಕ್ಕರಂಗಯ್ಯ ನೆಲದ ಮೇಲೆ ಕಾಲು ಚಾಚಿ ಕೂತು ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದ. ರೇಣುಕಪ್ರಸಾದರು ಮೂಟೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು.

"ಆಯ್ತಾ ಚಿಕ್ಕಪ್ಪ?"

"ಆಗ್ಲೇ ಆಯ್ತು. ನಿದ್ದೇಲಿ ನಿನ್ ತೂಕ ಅಲ್ಲಾಡಲ್ಲ. ಎಬ್ಬಿಸ್ಲಿಲ್ಲ."

ಆಗಸ್ಟಿನಲ್ಲಿ ಅವರು ಕಾರನ್ನು ಮಂಡಿಯ ಲಾರಿಗೆ ಹತ್ತಿಸಿಕೊಂಡು ಮತ್ತೆ ಆ ಟ್ರ್ಯಾಕಿಗೆ ಹೋದರು. ಹೊರಡುವ ದಿನ ಪುಟ್ಟಗಂಗಮ್ಮ ಬುತ್ತಿ ಕಟ್ಟಿಕೊಟ್ಟಳು, ಬರುತ್ತೇನೆಂದು ಹೇಳಲಿಲ್ಲ, ಹೋಗಬೇಡವೆಂದೂ ಹೇಳಲಿಲ್ಲ. ಶನಿವಾರದ ಅಭ್ಯಾಸದಲ್ಲಿ ಗಂಗಲಕ್ಷ್ಮಿ ಆ ಬಲತಿರುವನ್ನು ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಇನ್ನೂ ಜೋರಾಗಿ ತೆಗೆದಳು. ಪ್ರತಿ ಸಲವೂ ಟಾರಿನ ಉಬ್ಬು ಬರುವ ಮೊದಲು ಅವಳ ಎಡ ಹೆಗಲು ತಾನಾಗಿ ಬಿಗಿಯುತ್ತಿತ್ತು. ಮೈಗೆ ಮರೆವಿಲ್ಲ, ಅದಕ್ಕೆ ಲೇಸರ್ ತೋರಿಸಿ ತಿಳಿಹೇಳಲು ಆಗುವುದಿಲ್ಲ. ಸಂಜೆ ಬಂದು, "ಕಾರು ಸರಿ ಐತೆ ಚಿಕ್ಕಪ್ಪ. ನಾನೇ ಇನ್ನೂ ಬಿಗೀತಿದೀನಿ," ಎಂದಳು.

"ಬಿಗೀಲಿ ಬುಡು," ಎಂದ ಅವನು. "ನಾನೂ ಬಿಗ್ದೇ ನಿಂತಿರ್ತೀನಿ."

ಭಾನುವಾರದ ರೇಸು ಹನ್ನೆರಡು ಸುತ್ತು. ಮೊದಲ ನಾಲ್ಕು ಸುತ್ತು ಅವಳಿಗೆ ಚೆನ್ನಾಗಿ ನೆನಪಿದೆ: ಮುಂದಿನ ಕಾರಿನ ಹೊಗೆ, ಕೈಗವಸಿನೊಳಗಿನ ಬೆವರು, ಉಬ್ಬು, ಬಿಗಿತ. ಐದನೆಯ ಸುತ್ತಿನಲ್ಲೆಲ್ಲೋ ತಿರುವಿನ ಒಳಗೆ ಇಳಿಯುವಾಗ ಎಡಗಾಲಿ ಉಬ್ಬಿನ ಮೇಲೆ ಏರಿ ಇಳಿಯಿತು. ಕಾರು ಉಸಿರು ತೆಗೆದುಕೊಂಡಷ್ಟೇ ಸದ್ದು. ಎಲ್ಲಿಗೂ ತಿರುಗಲಿಲ್ಲ. ಅಲ್ಲಿಂದ ಮುಂದಕ್ಕೆ ಅವಳಿಗೆ ನೆನಪಿಲ್ಲ, ಅಥವಾ ಬೇರೆ ಥರ ನೆನಪಿದೆ. ಟ್ರ್ಯಾಕು ತನ್ನಷ್ಟಕ್ಕೆ ತಾನು ಸುರುಳಿ ಬಿಚ್ಚಿ ಸುತ್ತಿಕೊಳ್ಳುತ್ತಿತ್ತು. ಎಂಜಿನ್ನಿನ ಸದ್ದು ಎತ್ತರದಲ್ಲೆಲ್ಲೋ ನಿಂತಿತ್ತು. ಕಂಬಗಳ ನೆರಳು ಮುಖದ ಮೇಲೆ ಹೋದವು, ಬಂದವು. ನಡುವೆ ಎರಡು ಕಾರುಗಳು ಹಿಂದಕ್ಕೆ ತೇಲಿಹೋದವು; ತಾನು ದಾಟಿದೆ ಎಂದು ಅವಳಿಗೆ ಅನಿಸಲಿಲ್ಲ. ಬಾವುಟ ಬೀಸಿದ್ದನ್ನು ನೋಡಿ ಇಷ್ಟು ಬೇಗ ಯಾಕೆ ನಿಲ್ಲಿಸುತ್ತಿದ್ದಾರೆ ಎಂದುಕೊಂಡಳು.

ನಾಲ್ಕನೆಯ ಸ್ಥಾನ. ಬಹುಮಾನದ ಕಪ್ ಮೂವರಿಗೆ ಮಾತ್ರ. ರೇಣುಕಪ್ರಸಾದರು ಮಾತ್ರ ಗೆದ್ದವರಿಗೆ ಹೊಡೆಯುವ ಹಾಗೆ ಚಪ್ಪಾಳೆ ಹೊಡೆಯುತ್ತ ಓಡಿ ಬಂದರು. ಉಸಿರು ಸಿಕ್ಕಿಕೊಂಡು ಅರ್ಧ ದಾರಿಯಲ್ಲೇ ನಿಂತರು.

ಚಿಕ್ಕರಂಗಯ್ಯ ಅವಳ ಹತ್ತಿರ ಬರಲಿಲ್ಲ. ಮೊದಲು ಎಡ ಮುಂದಿನ ಟೈರಿನ ಬಳಿ ಕುಕ್ಕರಗಾಲಿನಲ್ಲಿ ಕೂತು, ಅದು ಆರುವ ಮೊದಲೇ ಅದರ ಮೇಲೆ ಅಂಗೈ ಇಟ್ಟ. ಒಳ ಅಂಚು, ನಡು, ಹೊರ ಅಂಚು. ಎದ್ದು ಬಲಗಡೆಗೆ ಹೋಗಿ ಅಲ್ಲೂ ಹಾಗೇ ಮಾಡಿದ. ಹಿಂದಿನ ಎರಡನ್ನೂ ಮುಟ್ಟಿ ನೋಡಿದ. ಟೈರು ನೆಲಕ್ಕೆ ಪೂರ್ತಿ ಪಾದ ಊರಿದ್ದರೆ ಮೂರು ಕಡೆಯೂ ಒಂದೇ ಬಿಸಿ ಇರಬೇಕು.

ಅವಳು ಹೆಲ್ಮೆಟ್ ತೆಗೆದು, ಕೂದಲು ಹಿಂದಕ್ಕೆ ತಳ್ಳಿ, ಅವನ ಪಕ್ಕ ಬಂದು ಕೂತಳು.

"ಎಂಗೈತೆ?"

"ನೀನೇ ಮುಟ್ಟಿ ನೋಡು."

ಅವಳು ಕೈಗವಸು ಬಿಚ್ಚಿ ಅಂಗೈಯನ್ನು ರಬ್ಬರಿನ ಮೇಲೆ ಇಟ್ಟಳು. ಹಸುವಿನ ಹೊಟ್ಟೆಯಂಥ ಕಾವು, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ. ಅವಳು ಕೈ ತೆಗೆಯಲಿಲ್ಲ. ಲಾರಿಯವನು ಹಿಂದಿನ ಬಾಗಿಲು ಇಳಿಸಿ ಹಲಗೆಗಳನ್ನು ಜೋಡಿಸುವವರೆಗೂ ಅವರಿಬ್ಬರೂ ಅಲ್ಲೇ ಕೂತಿದ್ದರು.